ಈರುಳ್ಳಿಗೆ ಒಗ್ಗರಣೆ ಬೇಡ

ಪ್ರಿಯ 'ಪರದೇಶಿ'ಯವರೇ,

ನಮಸ್ಕಾರ. ನೀವು ಮೆಲ್ಬರ್ನ್‌ನಿಂದ ಕಳಿಸಿದ ವಿಡಂಬನೆ 'ಕಾಂಗರೂ ನಾಡಿನ ಕುರ್ಚಿ ಕಾಳಗ' ಎರಡು ಸಲ ಓದಿದೆ. ಮೊದಲ ಸಲ ರಾತ್ರಿ ಊಟವಾದ ಮೇಲೆ. ನಗು ಬರಲಿಲ್ಲ, ನಿದ್ದೆಯ ಮೇಲೆ ತಪ್ಪು ಹೊರಿಸಿದೆ. ಬೆಳಿಗ್ಗೆ ಕಾಫಿ ಜೊತೆ ಮತ್ತೆ ಓದಿದೆ. ಆಗ ಆ ನೆಪವೂ ಇರಲಿಲ್ಲ. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ನೀವು ಕಳಿಸಿದ್ದರಲ್ಲೇ ಒಂದು ಒಳ್ಳೆಯ ಬರಹ ಇದೆ, ನೀವೇ ಅದನ್ನು ಗಮನಿಸಿಲ್ಲ. ಅದನ್ನು ಹೇಳುವುದಕ್ಕೇ ಇಷ್ಟುದ್ದ ಉತ್ತರ.

ಮೊದಲು ಈರುಳ್ಳಿ ವಿಷಯ. 2015ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಆಗಿನ ಪ್ರಧಾನಿ ಟೋನಿ ಅಬಾಟ್ ಟಾಸ್ಮೇನಿಯಾದಲ್ಲಿ ಈರುಳ್ಳಿ ಬೆಳೆಯುವವರ ಜಾಗಕ್ಕೆ ಹೋದರು. ಒಂದು ಈರುಳ್ಳಿ ಎತ್ತಿಕೊಂಡು, ಸಿಪ್ಪೆಯನ್ನೂ ಸುಲಿಯದೆ, ಸೇಬು ಕಚ್ಚಿದ ಹಾಗೆ ಕಚ್ಚಿ ತಿಂದರು. ಕ್ಯಾಮೆರಾಗಳ ಮುಂದೆಯೇ. ನಡೆದದ್ದು ಇಷ್ಟೇ. ನೀವೇನು ಮಾಡಿದ್ದೀರಿ? ಅವರ ಕಣ್ಣಲ್ಲಿ ಹೊಳೆ ಹರಿಸಿದ್ದೀರಿ. ಆ ಹೊಳೆಯಲ್ಲಿ ಸಚಿವರನ್ನೆಲ್ಲ ಈಜಿಸಿದ್ದೀರಿ. ಕೊನೆಗೆ ಒಂದು ಕಾಂಗರೂ ಬಂದು ಟವೆಲ್ ಕೊಡುತ್ತದೆ. ಹಸಿ ಈರುಳ್ಳಿಗೆ ಒಗ್ಗರಣೆ ಹಾಕಿಬಿಟ್ಟಿದ್ದೀರಿ ಸ್ವಾಮಿ. ನಗು ಇರುವುದು ಆ ಸಿಪ್ಪೆಯಲ್ಲಿ. ನಿಮ್ಮ ಬರಹದಲ್ಲಿ 'ಸಿಪ್ಪೆ' ಅನ್ನುವ ಪದವೇ ಇಲ್ಲ.

ಹೆರಾಲ್ಡ್ ಹೋಲ್ಟ್ ಬಗ್ಗೆ ಬರೆಯುವಾಗಲೂ ಇದೇ ಆಗಿದೆ. 1967ರ ಡಿಸೆಂಬರ್ 17ರಂದು ಶೆವಿಯಟ್ ಬೀಚಿನಲ್ಲಿ ಈಜಲು ಹೋದ ಪ್ರಧಾನಿ ವಾಪಸ್ ಬರಲಿಲ್ಲ. ದೇಹವೂ ಸಿಗಲಿಲ್ಲ. ನೀವು ಶಾರ್ಕ್ ತಂದಿರಿ, ಚೀನಾದ ಸಬ್‌ಮರೀನ್ ತಂದಿರಿ, ಒಂದು ಮತ್ಸ್ಯಕನ್ಯೆಯೂ ಬಂದು ಹೋದಳು. ಅಲ್ಲ, ನಿಮ್ಮ ಮೆಲ್ಬರ್ನ್‌ನಲ್ಲೇ ಆ ಮನುಷ್ಯನ ನೆನಪಿಗೆ ಊರಿನವರು ಯಾವುದಕ್ಕೆ ಅವರ ಹೆಸರಿಟ್ಟಿದ್ದಾರೆ ಗೊತ್ತಲ್ಲ? ಈಜುಕೊಳಕ್ಕೆ! ಹೆಸರು ಹಾಕಿದ ಬೋರ್ಡ್ ಸಮೇತ. ಈ ಒಂದು ಸಾಲಿನ ಮುಂದೆ ನಿಮ್ಮ ಮತ್ಸ್ಯಕನ್ಯೆ ಎಲ್ಲಿ ನಿಲ್ಲುತ್ತಾಳೆ ಹೇಳಿ. ಬೆಂಗಳೂರಿನಲ್ಲಿ ಕೂತ ನಾನು ಇದನ್ನು ನಿಮಗೆ ಹೇಳಬೇಕಾಗಿ ಬಂತಲ್ಲ ಅಂತ ಸ್ವಲ್ಪ ಬೇಜಾರೂ ಆಯಿತು.

ಸ್ಕಾಟ್ ಮಾರಿಸನ್ ಅವರನ್ನು ರಾವಣನಿಗೆ ಹೋಲಿಸಿದ್ದೀರಿ. ಪ್ರಧಾನಿಯಾಗಿದ್ದಾಗ 2020-21ರಲ್ಲಿ ಅವರು ಸದ್ದಿಲ್ಲದೆ ಇನ್ನೂ ಐದು ಖಾತೆಗಳಿಗೆ ತಮ್ಮನ್ನು ನೇಮಿಸಿಕೊಂಡಿದ್ದರು. ದೇಶಕ್ಕೆ ಇದು ಗೊತ್ತಾದದ್ದು 2022ರ ಆಗಸ್ಟ್‌ನಲ್ಲಿ, ಅವರು ಚುನಾವಣೆ ಸೋತ ಮೇಲೆ. ಖಜಾನೆಯ ಸಚಿವರಾಗಿದ್ದ ಜೋಶ್ ಫ್ರೈಡನ್‌ಬರ್ಗ್ ಅವರಿಗೇ ತಮ್ಮ ಕುರ್ಚಿಯ ಮೇಲೆ ಇನ್ನೊಬ್ಬರೂ ಕೂತಿದ್ದಾರೆ ಅನ್ನುವುದು ತಿಳಿದಿರಲಿಲ್ಲ. ಇದಕ್ಕೆ ರಾವಣ ಹೇಗೆ ಹೊಂದುತ್ತಾನೆ? ರಾವಣ ತನ್ನ ಹತ್ತು ತಲೆಯನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಪುರಾಣದ ಹೋಲಿಕೆ ಕೈಗೆ ಬೇಗ ಸಿಗುತ್ತದೆ. ಬೇಗ ಸಿಕ್ಕಿತು ಅಂತ ಹಾಕಿಕೊಳ್ಳಬೇಡಿ. ಫ್ರೈಡನ್‌ಬರ್ಗ್ ದಿನಾ ಬೆಳಿಗ್ಗೆ ಆಫೀಸಿಗೆ ಹೋಗಿ, ಆ ಕುರ್ಚಿ ತಮ್ಮೊಬ್ಬರದೇ ಅಂದುಕೊಂಡು ಕೂತಿದ್ದನ್ನು ಬರೆಯಿರಿ, ಸಾಕು.

ಇನ್ನು ಪೆಂಗ್ವಿನ್‌ಗಳು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರದ ಸುಂಕದ ಪಟ್ಟಿಯಲ್ಲಿ ಆಸ್ಟ್ರೇಲಿಯಾದ ಹರ್ಡ್ ಮತ್ತು ಮೆಕ್‌ಡೊನಾಲ್ಡ್ ದ್ವೀಪಗಳೂ ಇದ್ದವು. ಶೇ 10 ಸುಂಕ. ಅಲ್ಲಿ ಒಬ್ಬ ಮನುಷ್ಯನೂ ವಾಸವಿಲ್ಲ. ಇರುವುದು ಪೆಂಗ್ವಿನ್, ಸೀಲ್, ಮಂಜು. ನೀವು ಪೆಂಗ್ವಿನ್‌ಗಳ ಕೈಗೆ ಫಲಕ ಕೊಟ್ಟು ಧರಣಿ ಕೂರಿಸಿದ್ದೀರಿ. ಆ ಜೋಕು ಅವತ್ತು ಸಂಜೆಯೊಳಗೇ ಎಲ್ಲರ ಫೋನಿಗೂ ಬಂದು ಹೋಗಿತ್ತು. ತಿಂಗಳ ಪತ್ರಿಕೆಗೆ ಬರೆಯುವವರು ವಾಟ್ಸ್ಯಾಪ್ ಜೊತೆ ಓಟಕ್ಕೆ ನಿಲ್ಲಬಾರದು. ನನಗೆ ಕುತೂಹಲ ಇರುವುದು ಆ ಪಟ್ಟಿ ಟೈಪ್ ಮಾಡಿದವರ ಬಗ್ಗೆ. ಒಬ್ಬರು ಆ ಹೆಸರು ಸೇರಿಸಿದರು, ಅದು ಯಾರ ಕಣ್ಣಿಗೂ ಬೀಳದೆ ಹೊರಗೆ ಬಂತು. ಎಲ್ಲ ದೇಶದ ಕಚೇರಿಯಲ್ಲೂ ಅಂಥವರು ಒಬ್ಬರು ಇದ್ದೇ ಇರುತ್ತಾರೆ, ಅಲ್ವಾ?

ಸಬ್‌ಮರೀನ್ ಒಪ್ಪಂದ, ಉಕ್ರೇನ್, ಬ್ರೆಕ್ಸಿಟ್ ಎಲ್ಲವನ್ನೂ ಒಂದೊಂದು ಪ್ಯಾರಾದಲ್ಲಿ ಮುಗಿಸಿದ್ದೀರಿ. ಮದುವೆ ಊಟದಲ್ಲಿ ಬಡಿಸುವವರು ಓಡುತ್ತಾ ಹೋದ ಹಾಗಿದೆ. ಎಲೆ ತುಂಬಿದೆ, ರುಚಿ ಯಾವುದಕ್ಕೂ ಸಿಕ್ಕಿಲ್ಲ. ಗಾಜಾವನ್ನು 'ಗಾಜು' ಮಾಡಿ ಒಡೆಸಿದ ಆ ಶ್ಲೇಷೆಯನ್ನು ತೆಗೆಯಿರಿ. ಅದರ ಬಗ್ಗೆ ಚರ್ಚೆ ಇಲ್ಲ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಏಳನೇ ಪುಟದಲ್ಲಿ. ಅಲ್ಲಿ 'ರೋಬೋಡೆಟ್' ಬಗ್ಗೆ ಒಂದೇ ಸಾಲು: 'ಕಂಪ್ಯೂಟರಿಗೂ ಸಾಲಗಾರರ ಹುಚ್ಚು ಹಿಡಿಯಿತು.' ಈರುಳ್ಳಿಗೆ ಮುಕ್ಕಾಲು ಪುಟ, ಇದಕ್ಕೆ ಒಂದು ಸಾಲು! 2015ರಿಂದ 2019ರವರೆಗೆ ನಡೆದ ಯೋಜನೆ ಅದು. ಸರ್ಕಾರದ ಭತ್ಯೆ ಪಡೆದವರ ವರ್ಷದ ಆದಾಯವನ್ನು ತೆರಿಗೆ ಇಲಾಖೆಯಿಂದ ತರಿಸಿ, 26 ಸಮಪಾಲು ಮಾಡಿ, ಎರಡೆರಡು ವಾರಕ್ಕೆ ಹಂಚುತ್ತಿದ್ದರು. ಒಂದು ಲೆಕ್ಕ ಹಿಡಿಯಿರಿ. ಒಬ್ಬ ಹುಡುಗ ಆರು ತಿಂಗಳು ದುಡಿದು 26,000 ಡಾಲರ್ ಸಂಪಾದಿಸಿದ. ಆಮೇಲೆ ಕೆಲಸ ಹೋಯಿತು, ಭತ್ಯೆ ತಗೊಂಡ. ಕಂಪ್ಯೂಟರ್ ಪ್ರಕಾರ ಅವನಿಗೆ ಇಡೀ ವರ್ಷ ಎರಡು ವಾರಕ್ಕೊಮ್ಮೆ 1,000 ಡಾಲರ್ ಬರುತ್ತಿತ್ತು. ಹಾಗಾದರೆ ಭತ್ಯೆ ಯಾಕೆ ತಗೊಂಡೆ, ವಾಪಸ್ ಕಟ್ಟು ಅಂತ ನೋಟಿಸು. ಇಲ್ಲ ಅನ್ನುವುದಾದರೆ ಹಳೆಯ ಸಂಬಳ ಚೀಟಿ ಹುಡುಕಿ ತರುವ ಕೆಲಸವೂ ಅವನದೇ. ಹೀಗೆ ಸುಮಾರು 4.3 ಲಕ್ಷ ಜನರ ತಲೆಗೆ ಇಲ್ಲದ ಸಾಲ ಕಟ್ಟಿದರು. ಕಾನೂನಿನಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ವಿಚಾರಣಾ ಆಯೋಗ 2023ರ ಜುಲೈನಲ್ಲಿ ವರದಿ ಕೊಟ್ಟಿತು. ಇಂಥ ನೋಟಿಸು ಬಂದ ಮೇಲೆ ಮಗನನ್ನು ಕಳೆದುಕೊಂಡ ತಾಯಂದಿರು ಆ ಆಯೋಗದ ಮುಂದೆ ಬಂದು ಮಾತಾಡಿದ್ದರು.

ಈರುಳ್ಳಿ ತಿಂದರೆ ನೋವಾಗುವುದು ತಿಂದವರ ಹೊಟ್ಟೆಗೆ ಮಾತ್ರ. ಇಲ್ಲಿ ಭಾಗಾಕಾರ ಮಾಡಿದವರು ಒಬ್ಬರು, ಅತ್ತವರು ಇನ್ನೊಬ್ಬರು. ಇದರಲ್ಲಿ ನಗು ಇಲ್ಲವೇ? ಇದೆ, ಆ 26ರಲ್ಲೇ ಇದೆ. ಆದರೆ ಅದನ್ನು ಮುಖ ಗಂಟು ಹಾಕಿಕೊಂಡೇ ಹೇಳಬೇಕು. ಜಾನ್ ಕ್ಲಾರ್ಕ್ ಅವರನ್ನು ನೆನಪು ಮಾಡಿಕೊಳ್ಳಿ. ನ್ಯೂಜಿಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದ ಟಿವಿಯಲ್ಲಿ 2017ರಲ್ಲಿ ತೀರಿಕೊಳ್ಳುವವರೆಗೂ ವಿಡಂಬನೆ ಮಾಡಿದವರು. ಪ್ರಧಾನಿಯ ಪಾತ್ರ ಮಾಡುವಾಗ ವಿಗ್ಗು ಇಲ್ಲ, ಮಿಮಿಕ್ರಿ ಇಲ್ಲ. ತಮ್ಮದೇ ದನಿ, ತಮ್ಮದೇ ಮುಖ. ಜೊತೆಗಾರ ಬ್ರಯನ್ ಡಾ ಪ್ರಶ್ನೆ ಕೇಳುತ್ತಾರೆ, ಇವರು ಗಂಭೀರವಾಗಿ ಉತ್ತರ ಕೊಡುತ್ತಾರೆ. ಆ ಉತ್ತರದಲ್ಲೇ ಸರ್ಕಾರದ ಬಟ್ಟೆ ಜಾರುತ್ತದೆ. ನೀವು ಪ್ರತಿ ಜೋಕಿನ ಕೊನೆಗೆ ಮೂರು ಆಶ್ಚರ್ಯಸೂಚಕ ಹಾಕಿದ್ದೀರಿ. ನಾನೂ ಈ ಪತ್ರದಲ್ಲಿ ಎರಡು ಹಾಕಿದ್ದೇನೆ, ಎರಡಕ್ಕೂ ಕ್ಷಮೆ ಇರಲಿ.

ಈಗ ಆ ಒಳ್ಳೆಯ ಬರಹದ ವಿಷಯ. ಅದು ಇರುವುದು ಲೇಖನದ ಜೊತೆ ನೀವಿಟ್ಟ ಕಾಗದದ ಕೊನೆಯಲ್ಲಿ, ಸುಮ್ನೆ ಗೀಚಿದ ನಾಲ್ಕು ಸಾಲಿನಲ್ಲಿ. ಚುನಾವಣೆಯ ದಿನ ಮತಗಟ್ಟೆಯ ಹೊರಗೆ ಬ್ರೆಡ್ಡಿನಲ್ಲಿ ಸಾಸೇಜ್ ಸುತ್ತಿ ಮಾರುತ್ತಾರೆ, ನಾನು ಸಸ್ಯಾಹಾರಿ, 'ಸಾಸೇಜ್ ಬೇಡ, ಹುರಿದ ಈರುಳ್ಳಿ ಮಾತ್ರ ಹಾಕಿ' ಅಂತ ಪ್ರತಿ ಸಲ ಕೇಳುತ್ತೇನೆ, ಆದರೂ ಸಾಸೇಜಿನ ದುಡ್ಡೇ ತಗೊಳ್ಳುತ್ತಾರೆ ಅಂತ ಬರೆದಿದ್ದೀರಿ. ಓದಿ ಜೋರಾಗಿ ನಕ್ಕೆ. ಹಾಸನದ ಓದುಗರಿಗೆ ಕ್ಯಾನ್‌ಬೆರಾ ಎಲ್ಲಿದೆ ಅಂತ ಗೊತ್ತಿರಬೇಕಾಗಿಲ್ಲ. ಈ ಮನುಷ್ಯ ಮಾತ್ರ ಅವರಿಗೆ ಚೆನ್ನಾಗಿ ಗೊತ್ತು.

ಅವನನ್ನೇ ಕ್ಯೂನಲ್ಲಿ ನಿಲ್ಲಿಸಿ. ಆಸ್ಟ್ರೇಲಿಯಾದಲ್ಲಿ 1924ರಿಂದ ಮತದಾನ ಕಡ್ಡಾಯ, ಸಂಸತ್ ಚುನಾವಣೆಯಲ್ಲಿ ಓಟು ಹಾಕದಿದ್ದರೆ 20 ಡಾಲರ್ ದಂಡ. ದಂಡಕ್ಕೆ ಹೆದರಿ ಇವನು ನಿಂತಿದ್ದಾನೆ. 2010ರಿಂದ 2018ರೊಳಗೆ ಕುರ್ಚಿಯಲ್ಲಿದ್ದ ಪ್ರಧಾನಿಯನ್ನು ಅವರ ಪಕ್ಷದವರೇ ನಾಲ್ಕು ಸಲ ಇಳಿಸಿದರು: ರಡ್, ಗಿಲಾರ್ಡ್, ಅಬಾಟ್, ಟರ್ನ್‌ಬುಲ್. ಅದಕ್ಕೆ ಯಾರಿಗೂ 20 ಡಾಲರ್ ದಂಡ ಬೀಳಲಿಲ್ಲ. ಈ ಯೋಚನೆ ಅವನಿಗೆ ಕ್ಯೂನಲ್ಲೇ ಬರಲಿ. ಮುಂದೆ ನಿಂತವರಲ್ಲಿ ರೋಬೋಡೆಟ್ ನೋಟಿಸು ಬಂದಿದ್ದವರು ಒಬ್ಬರು ಇರಲಿ, ಹೆಸರು ಬೇಡ. ಅಬಾಟ್ ಬೇಕೇ ಬೇಕು ಅಂದರೆ ಬ್ರೆಡ್ಡಿಗೆ ಈರುಳ್ಳಿ ಬೀಳುವಾಗ ಒಂದು ಸಾಲಿನಲ್ಲಿ ಬಂದು ಹೋಗಲಿ.

1,000 ಪದಕ್ಕಿಂತ ಜಾಸ್ತಿ ಆಗದಿರಲಿ. ಕಾಂಗರೂ ಬೇಡ. ಯೂನಿಕೋಡ್‌ನಲ್ಲಿ ಕಳಿಸಿ. ಈ ಸಲದ ಫೈಲು ಇಲ್ಲಿ ತೆರೆದಾಗ ಅಬಾಟ್ ಎಲ್ಲ ಕಡೆ 'ಅಬ್ಬಾ' ಆಗಿದ್ದರು, ನಾನು ಮೊದಲು ಅದೂ ವಿಡಂಬನೆಯೇ ಅಂದುಕೊಂಡೆ. ಹಾಗೇ, ಆ ಬರೀ ಈರುಳ್ಳಿಯ ಬ್ರೆಡ್ಡಿಗೆ ಎಷ್ಟು ಡಾಲರ್ ಕೊಟ್ಟಿರಿ ಅನ್ನುವುದನ್ನು ಮರೆಯದೆ ಬರೆಯಿರಿ.

ಇಂತಿ,
ಸಂಪಾದಕ