ಪೋಸ್ಟ್‌ಡಾಕ್‌ನಿಂದ ಸ್ವಂತ ಲ್ಯಾಬ್‌ಗೆ: ‘ಕೆ’ ಗ್ರಾಂಟ್ ಬಗ್ಗೆ ಓದುಗರ ಪ್ರಶ್ನೆಗಳು

ಜೀವವೈದ್ಯಕೀಯ ಕ್ಷೇತ್ರಕ್ಕೆ ಹೊಸದಾಗಿ ಬಂದ ಸಂಶೋಧಕರು ಹಿರಿಯರೊಬ್ಬರ ಮಾರ್ಗದರ್ಶನದಲ್ಲಿ ಬೆಳೆದು ಸ್ವತಂತ್ರರಾಗಲಿ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್) ಕೊಡುವ ಅನುದಾನಗಳೇ ‘ಕೆ’ ಗ್ರಾಂಟ್‌ಗಳು. ಅಲ್ಲಿನ ಲ್ಯಾಬ್‌ಗಳಲ್ಲಿರುವ ಕನ್ನಡಿಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾನು ಜೆ-1 ವೀಸಾದಲ್ಲಿದ್ದೇನೆ. ಗ್ರೀನ್ ಕಾರ್ಡ್ ಇಲ್ಲದವರಿಗೆ ಕೆ ಗ್ರಾಂಟ್ ಇಲ್ಲವೇ ಇಲ್ಲ ಎನ್ನುತ್ತಾರೆ. ನಿಜವೇ? (ಹೂಸ್ಟನ್‌ನಿಂದ)

ಅರ್ಧ ನಿಜ. ಕೆ ಗ್ರಾಂಟ್‌ಗಳಲ್ಲಿ ಹಲವು ಬಗೆ. ಅವುಗಳಲ್ಲಿ ಕೆ01, ಕೆ08, ಕೆ23 (ರೋಗಿಗಳ ಮೇಲೆ ಸಂಶೋಧನೆ ಮಾಡುವ ವೈದ್ಯರಿಗಾಗಿ ಇರುವುದು) ಪಡೆಯುವವರು ಅನುದಾನ ಕೈಗೆ ಬರುವ ಹೊತ್ತಿಗೆ ಅಮೆರಿಕದ ಪ್ರಜೆಯೋ ಗ್ರೀನ್ ಕಾರ್ಡ್ ಇರುವವರೋ ಆಗಿರಬೇಕು. ಆದರೆ ಕೆ99/ಆರ್00ಕ್ಕೆ ಪೌರತ್ವದ ಷರತ್ತಿಲ್ಲ; ಜೆ-1, ಎಚ್-1ಬಿ ಎರಡರಲ್ಲೂ ಅರ್ಜಿ ಹಾಕಬಹುದು. ಕೆಲಸ ಮುಗಿಯುವವರೆಗೆ ನೀವು ಅಲ್ಲಿರಲು ವೀಸಾ ಅವಕಾಶ ಕೊಡುತ್ತದೆಯೇ ಎಂದು ಖಚಿತಪಡಿಸಿಕೊಳ್ಳುವುದು ನಿಮ್ಮ ಸಂಸ್ಥೆಯ ಹೊಣೆ. ಹಾಗಾಗಿ ಅಂತರರಾಷ್ಟ್ರೀಯ ವಿಭಾಗದವರ ಜೊತೆ ಮೊದಲೇ ಮಾತಾಡಿ.

ಕೆ99/ಆರ್00 ಎರಡು ಹಂತದ ಅನುದಾನ. ಮಾರ್ಗದರ್ಶಕರ ಜೊತೆ ಕಳೆಯುವ ಕೆ99 ಹಂತ ಹೆಚ್ಚೆಂದರೆ 2 ವರ್ಷ. ಸ್ವಂತ ಲ್ಯಾಬ್‌ನ ಆರ್00 ಹಂತ ಹೆಚ್ಚೆಂದರೆ 3 ವರ್ಷ. ಆರ್00 ತಾನಾಗಿಯೇ ಶುರುವಾಗುವುದಿಲ್ಲ. ಕೆ99 ಅವಧಿಯೊಳಗೆ ಟೆನ್ಯೂರ್ ಟ್ರ್ಯಾಕ್ (ಮುಂದೆ ಕಾಯಂ ಆಗಬಹುದಾದ) ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಯನ್ನೋ ಅದಕ್ಕೆ ಸಮನಾದದ್ದನ್ನೋ ಪಡೆದು, ಹೊಸ ಸಂಸ್ಥೆಯ ಮೂಲಕ ಮತ್ತೊಂದು ಅರ್ಜಿ ಹಾಕಬೇಕು. ಆರ್00 ಮಿತಿ ವರ್ಷಕ್ಕೆ 2,49,000 ಡಾಲರ್. ಇದರಲ್ಲಿ ಸಂಸ್ಥೆಯ ಪರೋಕ್ಷ ವೆಚ್ಚವೂ (ಕಟ್ಟಡ, ಆಡಳಿತ ಮುಂತಾದ ಖರ್ಚು) ಸೇರಿದೆ. ಆ ದರ ಶೇ. 60 ಇದ್ದರೆ ನಿಮ್ಮ ಬೆಂಚಿಗೆ ತಲುಪುವುದು ಸುಮಾರು 1,55,000 ಮಾತ್ರ. ಹುದ್ದೆಗೆ ಚೌಕಾಸಿ ಮಾಡುವಾಗ ಈ ಲೆಕ್ಕ ನೆನಪಿರಲಿ. ಆರ್00 ತರುತ್ತೀರೆಂಬ ಕಾರಣಕ್ಕೆ ಹೊಸ ಲ್ಯಾಬ್ ಕಟ್ಟಲು ಸಂಸ್ಥೆ ಕೊಡುವ ಸ್ಟಾರ್ಟಪ್ ಹಣ ಕಡಿತ ಮಾಡುವುದು ನಿಯಮಕ್ಕೆ ವಿರುದ್ಧ.

ಪ್ರಶ್ನೆ: ಬೆಂಗಳೂರಿನಲ್ಲಿ ಪಿಎಚ್‌ಡಿ ಮುಗಿಸಿ, ಅಲ್ಲೇ ಒಂದು ವರ್ಷ ಪೋಸ್ಟ್‌ಡಾಕ್ ಮಾಡಿ ಬಂದೆ. ಇಲ್ಲಿಗೆ ಬಂದು ಎರಡು ವರ್ಷವಾಯಿತು, ನಡುವೆ ಹೆರಿಗೆಯೂ ಆಯಿತು. ನಾಲ್ಕು ವರ್ಷದ ಮಿತಿಯನ್ನು ಎಲ್ಲಿಂದ ಎಣಿಸಬೇಕು? (ಸೇಂಟ್ ಲೂಯಿಸ್‌ನಿಂದ)

ಕೆ99ಕ್ಕೆ ಅರ್ಜಿ ಹಾಕುವಾಗ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಅನುಭವ ನಾಲ್ಕು ವರ್ಷ ಮೀರಿರಬಾರದು. ಅದನ್ನು ಯಾವ ದೇಶದಲ್ಲಿ ಮಾಡಿದ್ದರೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ವರ್ಷವೂ ಸೇರಿ ನಿಮ್ಮದು ಮೂರು ವರ್ಷ ಕಳೆದಿದೆ. ಹೆರಿಗೆಗಾಗಿ ಒಂದು ವರ್ಷದ ವಿಸ್ತರಣೆ ಇದೆ, ಆದರೆ ಕೇಳಿದವರಿಗೆ ಮಾತ್ರ. ನಿಮ್ಮ ವಿಷಯಕ್ಕೆ ಸಂಬಂಧಿಸಿದ ಎನ್‌ಐಎಚ್ ಘಟಕದಲ್ಲಿ ಅನುದಾನ ನೋಡಿಕೊಳ್ಳುವ ಪ್ರೋಗ್ರಾಂ ಆಫೀಸರ್‌ಗೆ ಇಮೇಲ್ ಬರೆದು, ಅರ್ಜಿ ಹಾಕುವ ಕೆಲವು ತಿಂಗಳ ಮೊದಲೇ ಲಿಖಿತ ಒಪ್ಪಿಗೆ ಪಡೆದುಕೊಳ್ಳಿ.

ಬಹಳ ಜನ ಎಡವುವ ಜಾಗ ಬೇರೆಯೇ ಇದೆ. ನಾಲ್ಕು ವರ್ಷದ ಮಿತಿ ಮೊದಲ ಅರ್ಜಿಗಷ್ಟೇ ಅಲ್ಲ, ಮರು ಅರ್ಜಿಗೂ ಅನ್ವಯಿಸುತ್ತದೆ. ಹೊಸ ಅರ್ಜಿಯ ಕೊನೆ ದಿನಗಳು ಸಾಮಾನ್ಯವಾಗಿ ಫೆಬ್ರವರಿ 12, ಜೂನ್ 12, ಅಕ್ಟೋಬರ್ 12. ಮರು ಅರ್ಜಿಯವು ಮಾರ್ಚ್ 12, ಜುಲೈ 12, ನವೆಂಬರ್ 12. ಫೆಬ್ರವರಿಯಲ್ಲಿ ಹಾಕಿದ ಅರ್ಜಿಯ ಮೌಲ್ಯಮಾಪನ ನಡೆಯುವುದು ಜೂನ್–ಜುಲೈನಲ್ಲಿ. ವಿಮರ್ಶೆಯ ವರದಿ ಕೈಸೇರುವ ಹೊತ್ತಿಗೆ ಜುಲೈ 12 ದಾಟಿರುತ್ತದೆ, ಉಳಿಯುವುದು ನವೆಂಬರ್. ಅಂದರೆ ಎರಡು ಅರ್ಜಿಗಳ ನಡುವೆ 9 ತಿಂಗಳು. ಮೊದಲ ಅರ್ಜಿ 3 ವರ್ಷ 3 ತಿಂಗಳೊಳಗೆ ಹೋಗದಿದ್ದರೆ ಎರಡನೇ ಅವಕಾಶ ಕೈತಪ್ಪಿತೆಂದೇ ಲೆಕ್ಕ. ಪೇಪರ್ ಒಪ್ಪಿಗೆಯಾಗಲಿ ಎಂದು ಕಾಯುತ್ತಾ ಕೂತು ಈ ಬಾಗಿಲು ಮುಚ್ಚಿಸಿಕೊಳ್ಳಬೇಡಿ.

ಪ್ರಶ್ನೆ: ನನ್ನ ಪ್ರಯೋಗಗಳ ವಿವರ 12 ಪುಟದಲ್ಲಿ ಹಿಡಿಸುತ್ತಿಲ್ಲ. ನನ್ನ ಬಗ್ಗೆ ಬರೆಯುವ ಭಾಗವನ್ನು ಎರಡು ಪುಟಕ್ಕೆ ಇಳಿಸಲೇ? (ಬಾಸ್ಟನ್‌ನಿಂದ)

ದಯವಿಟ್ಟು ಬೇಡ. ಆ 12 ಪುಟ ಸಂಶೋಧನೆಗೆ ಮಾತ್ರ ಮೀಸಲಲ್ಲ. ಅಭ್ಯರ್ಥಿಯ ಹಿನ್ನೆಲೆ, ವೃತ್ತಿಯ ಗುರಿ, ತರಬೇತಿಯ ಯೋಜನೆ, ಸಂಶೋಧನಾ ಯೋಜನೆ ಎಲ್ಲ ಸೇರಿ 12. ರಿವ್ಯೂವರ್‌ಗಳು ಐದು ವಿಷಯಗಳಿಗೆ ಬೇರೆ ಬೇರೆ ಅಂಕ ಕೊಡುತ್ತಾರೆ: ಅಭ್ಯರ್ಥಿ, ತರಬೇತಿಯ ಯೋಜನೆ, ಸಂಶೋಧನೆ, ಮಾರ್ಗದರ್ಶಕರು, ಸಂಸ್ಥೆಯ ವಾತಾವರಣ. ಸಂಶೋಧನೆ ಐದರಲ್ಲಿ ಒಂದು. ಮೊದಲಿನ ಭಾಗಕ್ಕೆ ಸುಮಾರು 5 ಪುಟ, ಸಂಶೋಧನೆಗೆ 7 ಪುಟ ಎಂದು ಹಂಚಿಕೊಳ್ಳಿ.

ಈ ಅನುದಾನ ಕೇಳುವ ಪ್ರಶ್ನೆ ಒಂದೇ: ಸ್ವತಂತ್ರರಾಗಲು ನಿಮಗಿನ್ನೂ ಏನು ಗೊತ್ತಿಲ್ಲ, ಅದನ್ನು ಯಾರಿಂದ, ಎಷ್ಟು ದಿನದಲ್ಲಿ ಕಲಿಯುತ್ತೀರಿ? ನಮ್ಮವರಿಗೆ ಇದನ್ನು ಬರೆಯುವುದು ಕಷ್ಟ. ಗೊತ್ತಿಲ್ಲ ಎಂದರೆ ಅಂಕ ಹೋಗುತ್ತದೆ ಎಂಬ ಪರೀಕ್ಷೆಯ ಭಯ ಒಳಗೆ ಕೂತಿರುತ್ತದೆ. ಇಲ್ಲಿ ಎಲ್ಲವೂ ಗೊತ್ತಿದೆ ಎಂದು ಬರೆದವರಿಗೆ ‘ಹಾಗಾದರೆ ತರಬೇತಿ ಏಕೆ?’ ಎಂಬ ಟೀಕೆ ಬರುತ್ತದೆ.

ಒಂದು ಮಾದರಿ ನೋಡಿ. ಇಲಿಗಳ ಲಿವರ್‌ನಲ್ಲಿ ಕೊಬ್ಬು ಸೇರುವುದರ ಬಗ್ಗೆ ಪಳಗಿದ ಒಬ್ಬರು ಸಿಂಗಲ್ ಸೆಲ್ ಆರ್‌ಎನ್‌ಎ ಸೀಕ್ವೆನ್ಸಿಂಗ್ (ಒಂದೊಂದೇ ಜೀವಕೋಶದ ಜೀನ್ ಚಟುವಟಿಕೆ ಓದುವ ತಂತ್ರ) ಕಲಿಯಬೇಕಿದೆ ಎನ್ನಿ. ‘ಬಯೋಇನ್ಫರ್ಮ್ಯಾಟಿಕ್ಸ್ ಕೋರ್ಸ್‌ಗಳಿಗೆ ಹಾಜರಾಗುತ್ತೇನೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಮೊದಲ ಆರು ತಿಂಗಳಲ್ಲಿ ವಿಶ್ವವಿದ್ಯಾಲಯದ ಯಾವ ಸಂಖ್ಯಾಶಾಸ್ತ್ರದ ಕೋರ್ಸ್, ಆಮೇಲೆ ಸಹ-ಮಾರ್ಗದರ್ಶಕರ ಲ್ಯಾಬ್‌ನಲ್ಲಿ ವಾರಕ್ಕೆ ಎಷ್ಟು ಗಂಟೆ ಅವರ ಹಳೆಯ ದತ್ತಾಂಶದ ಮೇಲೆ ಅಭ್ಯಾಸ, ಎರಡನೇ ವರ್ಷ ಸ್ವಂತ ದತ್ತಾಂಶದ ವಿಶ್ಲೇಷಣೆ, ಕೊನೆಗೆ ಅದರಿಂದ ಹೊರಬರುವ ಪೇಪರ್. ಪ್ರತಿ ಕಲಿಕೆಯ ಪಕ್ಕದಲ್ಲಿ ಅದು ಸಂಶೋಧನೆಯ ಯಾವ ಏಮ್‌ಗೆ (ಗುರಿಗೆ) ಬೇಕು ಎಂದು ಬರೆಯಿರಿ. ಯಾವ ಏಮ್‌ಗೂ ಬೇಡದ ಕೋರ್ಸ್ ಇದ್ದರೆ ತೆಗೆಯಿರಿ. ತರಬೇತಿ ಯೋಜನೆಯಲ್ಲಿ ಕಾಣದ ತಂತ್ರ ಏಮ್‌ನಲ್ಲಿದ್ದರೆ, ಅದು ನಿಮಗೆ ಈಗಾಗಲೇ ಬರುತ್ತದೆ ಎಂಬುದಕ್ಕೆ ಪುರಾವೆ ಕೊಡಿ.

ಏಮ್‌ಗಳ ಪುಟ ಒಂದೇ. ಕೆ99ರಲ್ಲಿ ಮೊದಲ ಏಮ್ ಮಾರ್ಗದರ್ಶಕರ ಲ್ಯಾಬ್‌ನಲ್ಲೇ ಮುಗಿಯುವಂಥದ್ದು, ಎರಡನೆಯದು ಎರಡೂ ಹಂತಕ್ಕೆ ಚಾಚಿಕೊಂಡದ್ದು, ಮೂರನೆಯದು ಪೂರ್ತಿ ನಿಮ್ಮದೇ ಲ್ಯಾಬ್‌ನದು ಎಂದು ಜೋಡಿಸಿದರೆ ಓದುವವರಿಗೆ ದಾರಿ ಸ್ಪಷ್ಟ. ಮೊದಲ ಏಮ್‌ನ ಫಲಿತಾಂಶ ಅಂದುಕೊಂಡಂತೆ ಬರದಿದ್ದರೆ ಉಳಿದೆರಡೂ ಕುಸಿಯುವ ಹಾಗೆ ಮಾತ್ರ ಕಟ್ಟಬೇಡಿ. ಅಂಥ ಅರ್ಜಿಗೆ ಕಟು ಟೀಕೆ ಖಚಿತ.

ಸಂಶೋಧನಾ ನೈತಿಕತೆಯ ತರಬೇತಿಗೆ ಪ್ರತ್ಯೇಕ 1 ಪುಟ ಇದೆ. ಆನ್‌ಲೈನ್ ಕೋರ್ಸ್ ಒಂದೇ ಸಾಲದು. ಮುಖಾಮುಖಿ ಚರ್ಚೆ ಇರಬೇಕು, ಒಟ್ಟು ಕನಿಷ್ಠ 8 ಗಂಟೆ. ಸ್ವರೂಪ, ವಿಷಯಗಳು, ಬೋಧಕರ ಪಾಲು, ಅವಧಿ, ಎಷ್ಟು ಸಲ ಎಂಬ ಐದನ್ನೂ ಹೆಸರಿಸಿ.

ಪ್ರಶ್ನೆ: ‘ನನ್ನ ಪತ್ರವನ್ನು ನೀನೇ ಬರೆದುಕೊಂಡು ಬಾ, ಸಹಿ ಮಾಡುತ್ತೇನೆ’ ಎನ್ನುತ್ತಾರೆ ನಮ್ಮ ಪ್ರೊಫೆಸರ್. ಏನು ಮಾಡಲಿ? (ಹೆಸರು ಬೇಡ)

ಟಿಪ್ಪಣಿ ಕೊಡಿ, ಪತ್ರ ಕೊಡಬೇಡಿ. ಮಾರ್ಗದರ್ಶಕರ ಮತ್ತು ಸಹ-ಮಾರ್ಗದರ್ಶಕರ ಹೇಳಿಕೆಗಳಿಗೆ ಒಟ್ಟು 6 ಪುಟ. ಅದೇ ದನಿ, ಅದೇ ನುಡಿಗಟ್ಟು ನಿಮ್ಮ ಬರಹದಲ್ಲೂ ಇದ್ದರೆ ರಿವ್ಯೂವರ್ ಎರಡನೇ ಪುಟಕ್ಕೇ ಹಿಡಿಯುತ್ತಾರೆ. ಅವರು ಹೇಳಲೇಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಡಿ: ಎಷ್ಟು ದಿನಕ್ಕೊಮ್ಮೆ ಭೇಟಿ, ಸಂಶೋಧನೆಯ ಖರ್ಚಿಗೆ ಯಾವ ಹಣ ಇದೆ, ಹಿಂದೆ ಯಾರನ್ನೆಲ್ಲ ತಯಾರು ಮಾಡಿದ್ದಾರೆ, ಈ ಪ್ರಾಜೆಕ್ಟ್‌ನ ಯಾವ ಭಾಗವನ್ನು ನೀವು ಜೊತೆಗೆ ಒಯ್ಯಬಹುದು. ಕೊನೆಯದು ಕೆ99ರ ಜೀವಾಳ. ಈ ಮಾತು ಎದುರು ಕೂತು ಆಡದೆ ಪತ್ರಕ್ಕೆ ಬರುವುದಿಲ್ಲ. ಮುಜುಗರವಾದರೂ ಅರ್ಜಿಗೆ ಆರು ತಿಂಗಳ ಮೊದಲೇ ಕೇಳಿ.

ಎಐಗೆ ಬರೆಯಲು ಬಿಡುವ ಯೋಚನೆಯಿದ್ದರೆ ಅದನ್ನೂ ಕೈಬಿಡಿ. ಬಹುಪಾಲು ಎಐನಿಂದಲೇ ಬರೆಸಿದ ಅರ್ಜಿಯನ್ನು 2025ರ ಸೆಪ್ಟೆಂಬರ್ 25ರಿಂದ ಎನ್‌ಐಎಚ್ ಅರ್ಜಿದಾರರ ಸ್ವಂತ ವಿಚಾರವೆಂದು ಒಪ್ಪುವುದಿಲ್ಲ.

ಪ್ರಶ್ನೆ: ಪಾಸ್‌ಪೋರ್ಟ್‌ನಲ್ಲಿ ನನಗೆ ಸರ್‌ನೇಮ್ ಇಲ್ಲ, ಇನಿಷಿಯಲ್ ಮಾತ್ರ. ಅರ್ಜಿಗೆ ತೊಂದರೆಯೇ? (ಸ್ಯಾನ್ ಡಿಯಾಗೊದಿಂದ)

ಅರ್ಜಿಗಿಂತ ಶಿಫಾರಸು ಪತ್ರಗಳಿಗೆ ತೊಂದರೆ. ಕನಿಷ್ಠ 3, ಹೆಚ್ಚೆಂದರೆ 5 ಪತ್ರಗಳನ್ನು ಬರೆಯುವವರೇ ಎನ್‌ಐಎಚ್‌ನ ಆನ್‌ಲೈನ್ ವ್ಯವಸ್ಥೆಯಾದ ಇರಾ ಕಾಮನ್ಸ್‌ನಲ್ಲಿ ನೇರವಾಗಿ ಹಾಕಬೇಕು. ಆಗ ನಿಮ್ಮ ಕಾಮನ್ಸ್ ಯೂಸರ್‌ನೇಮ್, ಅಲ್ಲಿರುವಂತೆಯೇ ನಿಮ್ಮ ಹೆಸರು, ಅರ್ಜಿ ಕರೆದ ಎನ್‌ಐಎಚ್ ಪ್ರಕಟಣೆಯ ಸಂಖ್ಯೆ ನಮೂದಿಸಬೇಕು. ಖಾತೆಯಲ್ಲಿ ಹೆಸರು ಹೇಗಿದೆ ಎಂದು ನೋಡಿ, ಅದನ್ನೇ ಕಾಪಿ ಮಾಡಿ ಅವರಿಗೆ ಕಳಿಸಿ. ಪತ್ರಗಳಿಗೂ ಅದೇ ಕೊನೆ ದಿನ, ಸಂಜೆ 5 ಗಂಟೆ. ನಿಮ್ಮ ಮಾರ್ಗದರ್ಶಕರು ಕನಿಷ್ಠ ಬೇಕಾದ ಆ ಮೂವರಲ್ಲಿ ಒಬ್ಬರಾಗುವಂತಿಲ್ಲ.

ಪ್ರಶ್ನೆ: ನಾನು ವೈದ್ಯೆ, ಗ್ರೀನ್ ಕಾರ್ಡ್ ಇದೆ. ರೋಗಿಗಳನ್ನು ನೋಡುತ್ತಲೇ ಕೆ23 ನಡೆಸಬಹುದೇ? (ಕ್ಲೀವ್‌ಲ್ಯಾಂಡ್‌ನಿಂದ)

ವೃತ್ತಿಯ ಸಮಯದಲ್ಲಿ ಕನಿಷ್ಠ ಶೇ. 75, ಅಂದರೆ ವರ್ಷಕ್ಕೆ 9 ತಿಂಗಳ ದುಡಿಮೆ, ಇದಕ್ಕೇ ಮೀಸಲಿರಬೇಕು. ಕೆಲವು ಶಸ್ತ್ರಚಿಕಿತ್ಸಾ ವಿಭಾಗಗಳವರಿಗೆ ಶೇ. 50ರ ರಿಯಾಯಿತಿ ಉಂಟು. ವಿಭಾಗದ ಮುಖ್ಯಸ್ಥರ ಪತ್ರದಲ್ಲಿ ಈ ಸಮಯ ಸ್ಪಷ್ಟವಾಗಿರಲಿ. ‘ಗ್ರಾಂಟ್ ಬಂದರೆ ಹುದ್ದೆ ಕೊಡುತ್ತೇವೆ’ ಎಂಬ ಧಾಟಿ ನಡೆಯದು.

ಪ್ರಶ್ನೆ: ಸ್ಕೋರ್ 38 ಬಂತು, ಹಣ ಬರಲಿಲ್ಲ. ಮರು ಅರ್ಜಿ ಹಾಕಲೇ, ಹೊಸದಾಗಿ ಬರೆಯಲೇ? (ಆಸ್ಟಿನ್‌ನಿಂದ)

10 ಅತ್ಯುತ್ತಮ, 90 ಕನಿಷ್ಠ. 38 ಬಂದಿದೆಯೆಂದರೆ ನಿಮ್ಮ ಅರ್ಜಿ ಸಭೆಯಲ್ಲಿ ಚರ್ಚೆಯಾಗಿದೆ, ಅದನ್ನು ಎಸೆಯಬೇಡಿ. ಮೊದಲು ವರದಿಯಲ್ಲಿ ಐದು ಅಂಕಗಳನ್ನೂ ಬಿಡಿಬಿಡಿಯಾಗಿ ನೋಡಿ; ಅಲ್ಲೂ ಕಡಿಮೆ ಇದ್ದಷ್ಟು ಒಳ್ಳೆಯದು. ಅಭ್ಯರ್ಥಿಗೆ 2, ತರಬೇತಿಗೆ 4–5 ಇದ್ದರೆ ದುರಸ್ತಿ ನಿಮ್ಮ ಕೈಯಲ್ಲಿದೆ: ಸಹ-ಮಾರ್ಗದರ್ಶಕರೊಬ್ಬರನ್ನು ಸೇರಿಸಿ, ಯೋಜನೆಯನ್ನು ಬಿಗಿ ಮಾಡಿ. ಆಮೇಲೆ ಪ್ರೋಗ್ರಾಂ ಆಫೀಸರ್ ಜೊತೆ ಫೋನ್‌ನಲ್ಲಿ ಮಾತಾಡಿ. ಅವರು ಸಭೆಯಲ್ಲಿ ಕೂತು ಕೇಳಿಸಿಕೊಂಡಿದ್ದರೆ, ವರದಿಯಲ್ಲಿಲ್ಲದ ತೂಕವೂ ತಿಳಿಯುತ್ತದೆ.

ಮರು ಅರ್ಜಿಗೆ ಒಂದೇ ಅವಕಾಶ. ಟೀಕೆಗಳಿಗೆ ಉತ್ತರಿಸಲು ಸಿಗುವುದು 1 ಪುಟದ ಪೀಠಿಕೆ. ರಿವ್ಯೂವರ್ ತಪ್ಪು ಓದಿದ್ದಾರೆ ಅನಿಸಿದರೂ ಅಲ್ಲಿ ವಾದಕ್ಕಿಳಿಯಬೇಡಿ; ಅವರು ತಪ್ಪು ಓದುವಂತಿದ್ದ ಪ್ಯಾರಾವನ್ನೇ ತಿದ್ದಿ ಬರೆದು, ಎಲ್ಲಿ ತಿದ್ದಿದ್ದೀರಿ ಎಂದು ತಿಳಿಸಿ. ಹಳೆಯ ಶಿಫಾರಸು ಪತ್ರಗಳು ಈ ಅರ್ಜಿಗೆ ಬರುವುದಿಲ್ಲ. ಎಲ್ಲರಿಂದಲೂ ಮತ್ತೆ ಹಾಕಿಸಬೇಕು, ಕೊನೆ ದಿನಕ್ಕೆ ತಿಂಗಳಿರುವಾಗಲೇ ಅವರಿಗೆ ತಿಳಿಸಿ.