ಸಂಕ್ರಮಣದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕಹಿಯಾಗುವುದು, ಸೀಳುವುದು ಯಾಕೆ?

ಕಹಿಗೆ ಕಾರಣ ಹೆಚ್ಚಾಗಿ ಹಳೇ ಹಿಟ್ಟು. ಸಜ್ಜೆಯಲ್ಲಿ ಎಣ್ಣೆಯಂಶ ಜಾಸ್ತಿ. ಬೀಸಿದ ಮೇಲೆ ಬೇಗ ಕಮಟು ಹಿಡಿಯುತ್ತದೆ. ಹಬ್ಬಕ್ಕೆ ಎರಡು ದಿನ ಮುಂಚೆಯಷ್ಟೇ ಗಿರಣಿಗೆ ಹಾಕಿಸಿ.

ಸೀಳುವುದು ಎಸರು ಕುದಿಯದಿದ್ದಾಗ. ಗೋಧಿಯ ಜಿಗುಟು ಸಜ್ಜೆಗಿಲ್ಲ, ಕುದಿನೀರು ಬಿದ್ದರೇ ಹಿಟ್ಟು ಹಿಡಿದುಕೊಳ್ಳುವುದು. 2 ಬಟ್ಟಲು ಹಿಟ್ಟಿಗೆ ಸುಮಾರು ಒಂದೂವರೆ ಬಟ್ಟಲು ನೀರು, ಸ್ವಲ್ಪ ಸ್ವಲ್ಪವೇ ಹಾಕಿ. ಒಂದೊಂದು ರೊಟ್ಟಿಗಾಗುವಷ್ಟನ್ನೇ ಆಗಿಂದಾಗಲೇ ಚೆನ್ನಾಗಿ ನಾದಿ ಬಡಿಯಿರಿ. ಇದರಲ್ಲಿ ಅವಸರ ಬೇಡವೇ ಬೇಡ.

ಹಂಚಿಗೆ ಹಾಕಿದ ಕೂಡಲೇ ಮೇಲೆ ನೀರು ಸವರಿ, ಹಸಿ ಇರುವಾಗಲೇ ಒಂದು ಚಮಚ ಎಳ್ಳು ಉದುರಿಸಿ ಮೆಲ್ಲಗೆ ಒತ್ತಿ. ಆರಿದ ಮೇಲೆ ಹಾಕಿದ ಎಳ್ಳು ಉದುರುತ್ತದೆ. ಸಣ್ಣ ಉರಿಯಲ್ಲಿ ಕಡಕ್ ಮಾಡಿದರೆ, ಕೊಪ್ಪಳ, ರಾಯಚೂರು ಕಡೆ ತುಂಗಭದ್ರೆಯಲ್ಲಿ ಮಿಂದು ಸೂರ್ಯನಿಗೆ ಕೈಮುಗಿದು ದಂಡೆಯಲ್ಲೇ ಬುತ್ತಿ ಬಿಚ್ಚುವವರಿಗೆ ಮೆತ್ತಗಾಗದೆ ಸಿಗುತ್ತದೆ. ಜೊತೆಗೆ ಎಣಗಾಯಿ ಇರಲಿ.