ಕಟಾ ಇಲ್ಲದ ಹೊಡೆದಾಟದ ಕಲೆ ಬೇಕೆಂದರೆ ಮೈಸೂರಿನಲ್ಲಿ ಏನು ಕಲಿಯಬಹುದು?

ನಿಮ್ಮ ಪ್ರಶ್ನೆ ಇಷ್ಟು: ಶಾಲೆಯಲ್ಲಿದ್ದಾಗ ಕರಾಟೆಗೆ ಸೇರಿ ಹಸಿರು ಬೆಲ್ಟ್‌ವರೆಗೆ ಬಂದಿರಿ, ಕಟಾ, ಅಂದರೆ ಎದುರಾಳಿಯಿಲ್ಲದೆ ಗೊತ್ತುಮಾಡಿದ ಕ್ರಮದಲ್ಲಿ ಒಬ್ಬರೇ ಮಾಡುವ ವರಸೆ, ಮಾಡಿ ಮಾಡಿ ಬೇಸತ್ತು ಬಿಟ್ಟಿರಿ. ಈಗ ವಯಸ್ಸು ಇಪ್ಪತ್ತೇಳು, ಹೂಟಗಳ್ಳಿ ಕಡೆ ಕೆಲಸ, ಸಂಜೆ ಬಿಡುವು. ಗಾಳಿಗೆ ಗುದ್ದುವ ವರಸೆಗಳ ಗೋಜಿಲ್ಲದೆ ಗುದ್ದು, ಒದೆತ ಕಲಿಸುವ ಕಲೆ ಯಾವುದು?

ಬಾಕ್ಸಿಂಗ್. ಕಾಲನ್ನೂ ಬಳಸುವ ಆಸೆಯಿದ್ದರೆ ಥಾಯ್ಲೆಂಡಿನ ಮುಯ್ ಥಾಯ್. ಆದರೆ ನಿಮ್ಮ ಬೇಸರದ ಮೂಲ ಕಟಾ ಎನ್ನುವುದರ ಬಗ್ಗೆ ನನಗೊಂದು ತಕರಾರಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ನೀವು ಕಲಿತ ಹೆಯಾನ್ ಎಂಬ ಆರಂಭಿಕ ಕಟಾಗಳನ್ನು ಕರಾಟೆ ಗುರು ಇತೋಸು ಆಂಕೊ ರೂಪಿಸಿದ್ದು 20ನೇ ಶತಮಾನದ ಆರಂಭದಲ್ಲಿ, ಜಪಾನಿನ ಒಕಿನಾವಾದ ಶಾಲೆಗಳಲ್ಲಿ ಕರಾಟೆ ಕಾಲಿಟ್ಟ ಹೊತ್ತಿನಲ್ಲಿ. ಒಬ್ಬ ಮೇಷ್ಟ್ರು, ಅಂಗಳದ ತುಂಬ ಮಕ್ಕಳು, ಯಾರಿಗೂ ಪೆಟ್ಟಾಗಬಾರದು. ಆ ಸಂದರ್ಭಕ್ಕೆ ಅದು ಹೇಳಿ ಮಾಡಿಸಿದಂತಿತ್ತು, ನಮ್ಮ ಶಾಲೆಗಳಿಗೂ ಹಾಗೆಯೇ ಒಗ್ಗಿತು. ನಿಮಗೆ ಸಿಗದೇ ಹೋದದ್ದು ಎದುರಿಗೊಬ್ಬ ಮನುಷ್ಯ. ಕಟಾ ಇಲ್ಲದ ತರಗತಿಯಲ್ಲೂ ಅವನು ಸಿಗದಿರಬಹುದು. ಜಿಮ್ಮಿನಲ್ಲಿ ಜೋರಾಗಿ ಹಾಡು ಹಾಕಿ, ಸಾಲಾಗಿ ನಿಲ್ಲಿಸಿ, ತೂಗುಚೀಲಕ್ಕೆ ಒದೆಸಿ ಬೆವರಿಳಿಸಿ ಕಳಿಸುವ ‘ಕಿಕ್ ಬಾಕ್ಸಿಂಗ್’ ನೋಡಿದ್ದೀರಲ್ಲವೇ? ಹೊಟ್ಟೆ ಕರಗಿಸಲು ಒಳ್ಳೆಯದೇ. ಆದರೆ ಅಲ್ಲಿ ನಿಮ್ಮ ಮೂಗಿನತ್ತ ಯಾರ ಕೈಯೂ ಬರುವುದಿಲ್ಲ, ಹಾಗಾಗಿ ತಪ್ಪಿಸಿಕೊಳ್ಳುವುದನ್ನು ಕಲಿಯುವ ಪ್ರಮೇಯವೂ ಇರುವುದಿಲ್ಲ.

ಬಾಕ್ಸಿಂಗ್‌ನಲ್ಲಿ ಕಲಿಕೆಯೆಲ್ಲ ನಡೆಯುವುದು ಈ ತಪ್ಪಿಸಿಕೊಳ್ಳುವುದರ ಸುತ್ತಲೇ. ತರಬೇತುದಾರ ಎರಡೂ ಅಂಗೈಗೆ ಪ್ಯಾಡ್ ತೊಟ್ಟು ಎದುರಿಗೆ ನಿಲ್ಲುತ್ತಾನೆ. ಎಡಗೈಯ ಜ್ಯಾಬ್, ಅಂದರೆ ಚುರುಕಾದ ನೇರ ಗುದ್ದು, ಹೊಡೆಯುವಾಗ ನಿಮ್ಮ ಬಲಗೈ ಗಲ್ಲದಿಂದ ಎರಡು ಅಂಗುಲ ಕೆಳಗಿಳಿಯಿತೋ, ಅದೇ ಪ್ಯಾಡಿನಿಂದ ಕಿವಿಯ ಮೇಲೆ ಫಟ್ಟೆಂದು ಒಂದು ಬೀಳುತ್ತದೆ. ನೋವಾಗುವುದಿಲ್ಲ, ಅವಮಾನವಾಗುತ್ತದೆ. ಮತ್ತೆ ಜ್ಯಾಬ್, ಮತ್ತೆ ಫಟ್. ಕೊನೆಗೆ ಕೈ ತಾನಾಗಿಯೇ ಗಲ್ಲಕ್ಕೆ ಅಂಟಿಕೊಳ್ಳುತ್ತದೆ. ಬೆಲ್ಟ್ ಇಲ್ಲ, ಬೆಲ್ಟ್ ಪರೀಕ್ಷೆಯ ಶುಲ್ಕವೂ ಇಲ್ಲ. ಕನ್ನಡಿಯೆದುರು ಮಾಡುವ ಶ್ಯಾಡೋ ಬಾಕ್ಸಿಂಗ್ ಕೂಡ ಕಟಾ ಅಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಅಲ್ಲ, ಅದರಲ್ಲಿ ಮುಂದಿನ ಏಟು ಯಾವುದೆಂದು ಮೊದಲೇ ಗೊತ್ತುಮಾಡಿರುವುದಿಲ್ಲ, ಎದುರಾಳಿಯನ್ನು ಊಹಿಸಿಕೊಂಡು ನೀವೇ ಕಟ್ಟಿಕೊಳ್ಳಬೇಕು. ಆದರೆ ಮೊದಮೊದಲು ನಿಲುವು, ಹೆಜ್ಜೆ, ಜ್ಯಾಬ್, ಇಷ್ಟೇ. ಮಾಡಿದ್ದನ್ನೇ ಮಾಡುವುದೇ ನಿಮಗೆ ಆಗದ ವಿಷಯವಾದರೆ ಇಲ್ಲೂ ಬೇಸರ ತಪ್ಪಿದ್ದಲ್ಲ.

ಮುಯ್ ಥಾಯ್‌ನಲ್ಲಿ ಮುಷ್ಟಿಯ ಜೊತೆಗೆ ಮೊಣಕೈ, ಮೊಣಕಾಲು, ಅದರ ಕೆಳಗಿನ ಕಾಲ ಮೂಳೆ ಸೇರುತ್ತವೆ, ಕತ್ತು ಹಿಡಿದು ಎಳೆದಾಡುವ ಕ್ಲಿಂಚ್ ಕೂಡ. ಪಂದ್ಯಕ್ಕೆ ಮುಂಚಿನ ಕುಣಿತದಂಥದ್ದನ್ನು ನೋಡಿ ಹೆದರಬೇಡಿ, ಅದು ಗುರುವಂದನೆ. ಕಷ್ಟವೇನೆಂದರೆ ಒಳ್ಳೆಯ ಬಾಕ್ಸಿಂಗ್ ಗುರುವಿಗಿಂತ ಒಳ್ಳೆಯ ಮುಯ್ ಥಾಯ್ ಗುರು ಸಿಗುವುದು ನಮ್ಮ ಕಡೆ ಕಷ್ಟ.

ಕ್ಯೋಕುಶಿನ್ ಬಗ್ಗೆಯೂ ಯಾರಾದರೂ ಹೇಳುತ್ತಾರೆ. ಒಯಾಮಾ ಎಂಬ ಗುರು ಕಟ್ಟಿದ ಈ ಕರಾಟೆಯಲ್ಲಿ ಏಟು ನಿಜವಾದದ್ದೇ, ಆದರೆ ಮುಖಕ್ಕೆ ಗುದ್ದುವಂತಿಲ್ಲ, ಬೆಲ್ಟ್ ಪರೀಕ್ಷೆಗೆ ಕಟಾ ಬೇಕೇ ಬೇಕು. ಟೇಕ್ವಾಂಡೊದಲ್ಲಿ ಕಟಾದ ಜಾಗದಲ್ಲಿ ಪೂಮ್ಸೆ ಇದೆ. ಎರಡೂ ನಿಮ್ಮ ಪಟ್ಟಿಯಿಂದ ಹೊರಗೆ.

ಊರಿನ ಹಿರಿಯರನ್ನು ಕೇಳಿದರೆ ‘ಗರಡಿಗೆ ಹೋಗಪ್ಪ’ ಎನ್ನುತ್ತಾರೆ. ಕುಸ್ತಿಯಲ್ಲಿ ಗುದ್ದಿಲ್ಲ ನಿಜ, ಆದರೂ ಒಂದು ಸಂಜೆ ಹೋಗಿ ನೋಡಿ. ಅಲ್ಲಿ ಪಟ್ಟುಗಳನ್ನು ಕಲಿಯುವುದು ಇನ್ನೊಬ್ಬನ ಮೈಮೇಲೆಯೇ; ನೀವು ಹುಡುಕುತ್ತಿರುವ ಕಲಿಕೆಯ ಬಗೆ ಅದು. ಗುದ್ದಾಟವೇ ಬೇಕೆಂದರೆ ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವಿದೆ. ತಲೆಯಿಂದ ರಕ್ತ ಚಿಮ್ಮಿದೊಡನೆ ಮುಗಿಯುವ ಆ ಕಾಳಗ ಜಟ್ಟಿ ಮನೆತನಗಳಲ್ಲಿ ಉಳಿದು ಬಂದ ಸಂಪ್ರದಾಯ, ಸಂಜೆ ಆರರ ಬ್ಯಾಚಿಗೆ ಹೆಸರು ಬರೆಸಿ ಕಲಿಯುವಂಥದ್ದಲ್ಲ.

ಹಣ ಕಟ್ಟುವ ಮೊದಲು ಒಂದು ಪೂರ್ತಿ ತರಗತಿ ಕುಳಿತು ನೋಡಿ. ನೋಡಲು ಬಿಡುವುದಿಲ್ಲ ಎಂದರೆ ಅಲ್ಲಿಂದಲೇ ಬೈಕ್ ತಿರುಗಿಸಿ. ಸ್ಪಾರಿಂಗ್‌ನಲ್ಲಿ, ಅಂದರೆ ಇಬ್ಬರು ಎದುರುಬದುರಾಗಿ ಮಾಡುವ ಅಭ್ಯಾಸದ ಹೊಡೆದಾಟದಲ್ಲಿ, ಹಳಬರು ಹೊಸಬರ ಮೇಲೆ ಕೈ ಹೇಗೆ ಮಾಡುತ್ತಾರೆ ಎನ್ನುವುದನ್ನೇ ಮುಖ್ಯವಾಗಿ ಗಮನಿಸಿ. ಒಳ್ಳೆಯ ಕಡೆ ಹಳಬ ಏಟನ್ನು ಮುಟ್ಟಿಸಿ ಹಿಂದೆಗೆಯುತ್ತಾನೆ. ಕೆಟ್ಟ ಕಡೆ ಹೊಸಬನ ಮೂಗಿನಿಂದ ರಕ್ತ ಬಂದರೆ ಉಳಿದವರು ನಗುತ್ತಾರೆ. ‘ಹೆಲ್ಮೆಟ್ ಇದೆಯಲ್ಲ’ ಎಂಬ ಸಮಾಧಾನಕ್ಕೆ ಒಪ್ಪಬೇಡಿ. ಹೆಲ್ಮೆಟ್ ಚರ್ಮ ಸೀಳುವುದನ್ನು ತಡೆಯುತ್ತದೆಯೇ ಹೊರತು ಒಳಗೆ ಮಿದುಳು ಅಲುಗುವುದನ್ನಲ್ಲ. ಪುರುಷರ ಅಂತರರಾಷ್ಟ್ರೀಯ ಅಮೆಚೂರ್ ಬಾಕ್ಸಿಂಗ್‌ನಲ್ಲಿ 2013ರಲ್ಲಿ ಅದನ್ನು ತೆಗೆದೇ ಹಾಕಿದರು. ಮಾರನೆಯ ದಿನ ಕಂಪ್ಯೂಟರಿನ ಮುಂದೆ ಕೂರಬೇಕಾದ ನಿಮಗೆ ಜೋರಿನ ಸ್ಪಾರಿಂಗ್ ಬೇಕಾಗಿಲ್ಲ. ಏಟು ಬಿದ್ದ ಮೇಲೆ ತಲೆನೋವು, ತಲೆಸುತ್ತು ಬಂದರೆ ಅಂದಿಗೆ ನಿಲ್ಲಿಸಿ, ವೈದ್ಯರನ್ನು ಕಾಣಿ.

ಸಾಮಾನು ಹೆಚ್ಚೇನೂ ಬೇಡ. ಕೈಗೆ ಸುತ್ತುವ ನಾಲ್ಕೂವರೆ ಮೀಟರಿನ ಬಟ್ಟೆಪಟ್ಟಿ, ಹಲ್ಲಿಗೆ ಗಾರ್ಡ್, ಸ್ಪಾರಿಂಗ್‌ಗೆ 16 ಔನ್ಸಿನ ಗ್ಲೌಸ್. ಬಾಡಿಗೆಗೆಂದು ಅಲ್ಲೇ ಇಟ್ಟಿರುವ ಗ್ಲೌಸಿನೊಳಗೆ ಕೈ ಹಾಕುವ ಮುನ್ನ ಒಮ್ಮೆ ಮೂಸಿ ನೋಡಿ, ಸ್ವಂತದ್ದು ಏಕೆ ಬೇಕೆಂದು ನಾನು ವಿವರಿಸಬೇಕಾಗುವುದಿಲ್ಲ. ಮಳೆಗಾಲದಲ್ಲಿ ಅದರೊಳಗೆ ಹಳೆಯ ಪತ್ರಿಕೆ ತುರುಕಿ ಫ್ಯಾನಿನ ಕೆಳಗಿಡಿ. ವರ್ಷದ ಶುಲ್ಕ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದು ಆಸೆ ತೋರಿಸುತ್ತಾರೆ. ಮೊದಲ ಮೂರು ತಿಂಗಳು ತಿಂಗಳಿಗಿಷ್ಟೆಂದೇ ಕಟ್ಟಿ.